ಸೀರೆ ಕೇಳಲು ಬಂದ ಪಕ್ಕದ ಮನೆಯವರು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮಾರ್ಗನ್ ಹಿಲ್‌ನಿಂದ ಫೋನ್ ಬಂತು. ಮಿಲ್ಪಿಟಾಸ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿ ಆರು ವರ್ಷ ಇದ್ದ ಹಿರಿಯರೊಬ್ಬರ ಮಗಳು ಮಾತಾಡಿದಳು. "ಅಪ್ಪ ಶುಕ್ರವಾರ ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ," ಎಂದಳು. ಆಮೇಲೆ ಅವಳೇ ಮುಂದುವರಿಸಿದಳು: "ಶನಿವಾರ ಎಲ್ಲರೂ ಬನ್ನಿ. ಬಟ್ಟೆ ಕಿತ್ತಳೆ ಬಣ್ಣದ್ದಿರಲಿ. ಕಪ್ಪು ಹಾಕಿಕೊಂಡು ಬಂದವರಿಗೆ ಊಟ ಹಾಕಬೇಡಿ ಅಂತ ಅಪ್ಪ ಬರೆದಿಟ್ಟಿದ್ದಾರೆ."

ಹೋದೆವು. ಅತ್ತವರು ಕಡಿಮೆ, ಕುಣಿದವರು ಹೆಚ್ಚು. ಮೊಮ್ಮಕ್ಕಳನ್ನು ಕಂಡು, ತುಂಬು ವಯಸ್ಸಿನಲ್ಲಿ ಹೋದವರನ್ನು ಅವರ ಕಡೆ ಹಾಗೆಯೇ ಕಳಿಸಿಕೊಡುತ್ತಾರಂತೆ. ಹನ್ನೊಂದು ಡೋಲುಗಳಿದ್ದವು. ಎಣಿಸುವುದು ನನಗೆ ಅಭ್ಯಾಸ. ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಕೂತು, ಇಲ್ಲಿಗೆ ಬಂದ ಮೇಲೆ ಒಂದು ಸಣ್ಣ ವಾರಪತ್ರಿಕೆಯಲ್ಲಿ ಬರಹ ತಿದ್ದುತ್ತಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ಅವರದೇ ಕೋರಿಕೆ. ಒಮ್ಮೆ ನಮ್ಮ ವಾರಪತ್ರಿಕೆಗೆ ಅವರ ಬಗ್ಗೆ ಬರೆಯುತ್ತೇನೆ ಎಂದಾಗ, "ಬರೆಯಿರಿ, ಹೆಸರು ಮಾತ್ರ ಹಾಕಬೇಡಿ. ಹಾಕಿದರೆ ನಮ್ಮೂರಿನ ಮುಖವಾಡ ಕೆತ್ತುವವರೆಲ್ಲ ಫೋನ್ ಮಾಡಿ ಮೂಗು ಸರಿಯಿಲ್ಲ, ಕಿವಿ ಸರಿಯಿಲ್ಲ ಅಂತ ತಲೆ ತಿನ್ನುತ್ತಾರೆ," ಎಂದರು. ಹೆಸರಿಲ್ಲದೆ ಬರೆಯಲು ಆಗ ಸಂಪಾದಕರು ಒಪ್ಪಲಿಲ್ಲ. ಟೌನ್‌ಹೌಸುಗಳಲ್ಲಿ ಎಲ್ಲರೂ ಅವರನ್ನು ಬಾಬಾ ಎನ್ನುತ್ತಿದ್ದರು. ಅವರ ಯೊರುಬಾ ಭಾಷೆಯಲ್ಲಿ ಅಪ್ಪ, ಹಿರಿಯ ಎಂಬ ಅರ್ಥ. ನಾನೂ ಹಾಗೇ ಕರೆಯುತ್ತೇನೆ.

ಬಾಬಾ ನೈಜೀರಿಯಾದ ಪಶ್ಚಿಮ ಗಡಿಯ ಕಡೆಯವರು. ಇಲ್ಲಿ ಚಿಪ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾಗಿದ್ದರು. ಗ್ಯಾರೇಜಿನಲ್ಲಿ ಕಾರು ಇರಲಿಲ್ಲ. ಒಂದು ಮರದ ದಿಮ್ಮಿ, ಒಂದು ಮೋಟು ಸ್ಟೂಲು, ಗೋಡೆಗೆ ಸಾಲಾಗಿ ಬಾಚಿ, ಉಳಿ, ಸುತ್ತಿಗೆ. ಬಾಚಿಗಳು ಅಜ್ಜನ ಕಾಲದವು. ಬೆಳಿಗ್ಗೆ ಒಂಬತ್ತಕ್ಕೆ ಗ್ಯಾರೇಜಿನ ಬಾಗಿಲು ಮೇಲೆ ಹೋಗುತ್ತಿತ್ತು, ಅವರು ಹೊಸ್ತಿಲಿನ ಹೊರಗೆ ಒಂದು ಬೊಗಸೆ ನೀರು ಚೆಲ್ಲಿ ಕೆಲಸಕ್ಕೆ ಕೂರುತ್ತಿದ್ದರು. ಅಳತೆ ಪಟ್ಟಿ ಬಳಸಿದ್ದನ್ನು ನಾನು ಕಾಣೆ. ಮರದ ಮೇಲೆ ಹೆಬ್ಬೆರಳನ್ನು ಇಟ್ಟು, ಕಣ್ಣು ಕಿರಿದು ಮಾಡಿ, "ಇಲ್ಲಿಗೆ ಕೆನ್ನೆ," ಎನ್ನುತ್ತಿದ್ದರು. ಮೈಕ್ರಾನ್ ಲೆಕ್ಕದಲ್ಲಿ ದುಡಿದ ಮನುಷ್ಯ ಹೀಗೆ ಹೆಬ್ಬೆರಳಲ್ಲಿ ಅಳೆಯುವುದೇ ಎಂದು ಕೇಳಿದ್ದಕ್ಕೆ, "ಕಾರ್ಖಾನೆಯಲ್ಲಿ ಎಲ್ಲ ಚಿಪ್ಪೂ ಒಂದೇ ಥರ ಇರಬೇಕಿತ್ತು. ಇಲ್ಲಿ ಹಾಗಾದರೆ ನನ್ನ ಅಜ್ಜ ಎದ್ದು ಬಂದು ಹೊಡೆಯುತ್ತಾನೆ," ಎಂದರು.

ಅವರು ಕೆತ್ತುತ್ತಿದ್ದದ್ದು ಗೆಲೆಡೆ ಕುಣಿತದ ಮುಖವಾಡಗಳು. ಹೆಂಗಸರ, ಅದರಲ್ಲೂ ವಯಸ್ಸಾದ ತಾಯಂದಿರ ಸಂತೋಷಕ್ಕಾಗಿ ಗಂಡಸರು ಹೆಣ್ಣಿನ ವೇಷ ತೊಟ್ಟು ಕುಣಿಯುವ ಕುಣಿತ ಅದು. ಮುದುಕಿಯರ ಮನಸ್ಸು ತಣ್ಣಗಿದ್ದರೆ ಊರಿಗೆ ಮಳೆ, ಮಕ್ಕಳು, ಬೆಳೆ. ಅವರು ಮುನಿದರೆ ಯಾವುದೂ ಇಲ್ಲ ಎಂಬ ನಂಬಿಕೆ. ಮುಖವಾಡವನ್ನು ಮುಖಕ್ಕೆ ಕಟ್ಟಿಕೊಳ್ಳುವುದಿಲ್ಲ. ಟೋಪಿಯ ಹಾಗೆ ನೆತ್ತಿಯ ಮೇಲೆ ಇಟ್ಟು, ಮುಖದ ಮುಂದೆ ತೆಳುವಾದ ಬಟ್ಟೆ ಇಳಿಬಿಡುತ್ತಾರೆ. ಕೆಳಗೆ ಶಾಂತವಾದ ಹೆಣ್ಣಿನ ಮುಖ. ಅದರ ತಲೆಯ ಮೇಲೆ ಕೆತ್ತುವವನಿಗೆ ಹೊಳೆದದ್ದು. ಊರಿನಲ್ಲಿ ಹಾವು, ಹಕ್ಕಿ, ಹೊಲಿಗೆ ಯಂತ್ರ ಕೆತ್ತುತ್ತಾರಂತೆ. ಬಾಬಾ ಮಿಲ್ಪಿಟಾಸ್‌ನಲ್ಲಿ ಕೆತ್ತಿದ ಒಂದರಲ್ಲಿ ಫ್ರೀವೇ ಇತ್ತು. ಅದರ ಮೇಲೆ ಸಾಲಾಗಿ ನಿಂತ ಕಾರುಗಳು, ಒಂದು ಕಾರಿನ ಕಿಟಕಿಯಿಂದ ಹೊರಗೆ ಬಂದ ತಲೆ, ಬಾಯಿ ತೆರೆದೇ ಇದೆ. ನಮ್ಮ ಮನೆಯವರು ಅದನ್ನು ನೋಡಿ, "ಇದು ನಾನೇ," ಎಂದರು. "ಹೌದು, ನೀವೇ," ಎಂದರು ಬಾಬಾ.

ಶನಿವಾರ ಸಂಜೆ ಕಮ್ಯುನಿಟಿ ಹಾಲ್‌ನಲ್ಲಿ ಬಾಬಾ ನಡೆಸುವ ಡೋಲಿನ ತರಗತಿ. ಕೊನೆಯ ಹದಿನೈದು ನಿಮಿಷ ಕತೆ. ನನ್ನ ಮಗಳೂ ಹೋಗುತ್ತಿದ್ದಳು, ನಾನು ಹಿಂದಿನ ಕುರ್ಚಿಯಲ್ಲಿ. ಲೋಕ ಹುಟ್ಟಿದ ಕತೆಯನ್ನು ಅಲ್ಲಿ ನಾನು ಕನಿಷ್ಠ ಐದು ಸಲ ಕೇಳಿದ್ದೇನೆ. ಮೊದಲು ಮೇಲೆ ಆಕಾಶ, ಕೆಳಗೆ ಬರೀ ನೀರು. ಒಬಾತಾಲಾ ಎಂಬ ದೇವರು ಚಿನ್ನದ ಸರಪಳಿ ಹಿಡಿದು ಇಳಿಯುತ್ತಾನೆ. ಕೈಯಲ್ಲಿ ಬಸವನಹುಳದ ಚಿಪ್ಪಿನ ತುಂಬ ಮರಳು, ಕಂಕುಳಲ್ಲಿ ಐದು ಬೆರಳಿನ ಒಂದು ಕೋಳಿ. ನೀರಿನ ಮೇಲೆ ಮರಳು ಸುರಿದು ಕೋಳಿಯನ್ನು ಬಿಡುತ್ತಾನೆ. ಅದು ಕೆದಕುತ್ತದೆ. ಕೆದಕಿದ ಮರಳು ಬಿದ್ದಲ್ಲೆಲ್ಲ ನೆಲ.

ಮೂರನೆಯ ಸಲ ಆ ಕೋಳಿಯ ಜೊತೆಗೆ ಒಂದು ಪಾರಿವಾಳವೂ ಬಂತು. ನಾಲ್ಕನೆಯ ಸಲ ಒಬಾತಾಲಾ ದಾರಿಯಲ್ಲಿ ಹೆಂಡ ಕುಡಿದು ಮಲಗಿಬಿಟ್ಟ, ನೆಲ ಮಾಡಿದ್ದು ಅವನ ತಮ್ಮ. ನನಗೆ ತಡೆಯಲಿಲ್ಲ. ತರಗತಿ ಮುಗಿದ ಮೇಲೆ ಹೋಗಿ ಕೇಳಿದೆ: "ಇದರಲ್ಲಿ ಯಾವುದು ಸರಿ?"

"ಕೋಳಿ ಮಾತ್ರ ಇರುವುದು ನನ್ನ ಅಮ್ಮನ ಊರಿನದು. ಪಾರಿವಾಳ ಅಪ್ಪನ ಊರಿನದು. ಹೆಂಡದ್ದು ಚಿಕ್ಕಪ್ಪನದು, ಅವನಿಗೂ ಅದರ ಅಭ್ಯಾಸ ಇತ್ತು."

"ಪತ್ರಿಕೆಗೆ ಒಂದೇ ಬೇಕಾಗುತ್ತದೆ."

"ಎರಡು ಮೂಲ ಇಲ್ಲದೆ ಸುದ್ದಿ ಹಾಕುವುದಿಲ್ಲ ಅಂತ ನೀವೇ ಹೇಳಿದ್ದಿರಿ. ನಾನು ಮೂರು ಕೊಟ್ಟಿದ್ದೇನೆ."

ಅವರು ಗಟ್ಟಿಯಾಗಿ ನಗುವಾಗ ಬಲಗೈಯನ್ನು ಎತ್ತಿ ಗಾಳಿಯಲ್ಲಿ ಎರಡು ಸಲ ಬಡಿಯುತ್ತಿದ್ದರು. ಅಲ್ಲಿ ಡೋಲು ಇಲ್ಲವೆಂಬುದು ಆ ಕೈಗೆ ಗೊತ್ತಿರುತ್ತಿರಲಿಲ್ಲ.

ಒಂದು ವರ್ಷ ನಮ್ಮ ಅತ್ತೆ ಮಂಡ್ಯದಿಂದ ಆರು ತಿಂಗಳಿಗೆ ಬಂದಿದ್ದರು. ಎಪ್ಪತ್ತೆಂಟು ವಯಸ್ಸು, ಚುರುಕು ಕಾಲು, ಇಂಗ್ಲಿಷ್ ಬಾರದು, ಅದರಿಂದ ಯಾವ ಕೆಲಸವೂ ನಿಂತದ್ದಿಲ್ಲ. ಕೋಳಿಯ ಕತೆಯನ್ನು ನಾನು ಹೇಳಿದಾಗ ಮೆಚ್ಚಿಕೊಂಡರು. "ಅದ್ರಲ್ಲೇನಮ್ಮಿ ಆಶ್ಚರ್ಯ? ಮರಳ ಮೇಲೆ ಕೋಳಿ ಬುಟ್ರೆ ಕೆದಕ್ದೆ ಇನ್ನೇನ್ ಮಾಡ್ತದೆ? ದೇವ್ರಿಗೆ ಬುದ್ಧಿ ಅದೆ." ಕತೆ ಹೇಳಿದ ಮನುಷ್ಯನ ಬಗ್ಗೆ ಮಾತ್ರ ಅನುಮಾನ.

ಅನುಮಾನ ಹುಟ್ಟಿದ್ದು ಹೀಗೆ. ಯೊರುಬಾ ಗಂಡಸರು ಹಿರಿಯ ಹೆಂಗಸನ್ನು ಕಂಡರೆ ನೆಲಕ್ಕೆ ಅಡ್ಡಬಿದ್ದು ನಮಸ್ಕರಿಸಬೇಕು. ಬಾಬಾಗೆ ಮಂಡಿ ನೋವು. ಆದ್ದರಿಂದ ಬಗ್ಗಿ, ಬೆರಳ ತುದಿಯಿಂದ ನೆಲ ಮುಟ್ಟಿ ಏಳುತ್ತಿದ್ದರು. ಅತ್ತೆ ಬೆಳಿಗ್ಗೆ ವಾಕಿಂಗ್ ಹೊರಟಾಗಲೂ ಮುಟ್ಟುತ್ತಿದ್ದರು, ಬಂದಾಗಲೂ ಮುಟ್ಟುತ್ತಿದ್ದರು. ಒಂದು ವಾರ ನೋಡಿದ ಅತ್ತೆ ಒಂದು ದಿನ ಅಡುಗೆಮನೆಗೆ ಬಂದು ಕೇಳಿದರು:

"ಆಯಪ್ಪಂದು ಏನಮ್ಮಿ ಕಳ್ದೋಗಿರೋದು?"

"ಯಾರದು?"

"ಪಕ್ಕದ ಮನೆಯೋನ್ದು. ದಿನಾ ಹುಡುಕ್ತಾನೆ, ಪಾಪ. ಬೀಗದ ಕೈ ಇರ್ಬೇಕು."

ನಾನು ಒಲೆಯ ಮುಂದಿದ್ದೆ. ಆಮೇಲೆ ಹೇಳೋಣ ಎಂದುಕೊಂಡು ಮರೆತೆ. ಮರುದಿನ ಬಾಬಾ ನೆಲ ಮುಟ್ಟುವುದಕ್ಕೂ ಅತ್ತೆ ಟಾರ್ಚ್ ಹಿಡಿದು ಅವರ ಎದುರು ಕುಕ್ಕರಗಾಲಲ್ಲಿ ಕೂತು ಪೊದೆಯ ಬುಡ ಹುಡುಕುವುದಕ್ಕೂ ಸರಿಹೋಯಿತು. ತಾಯಿಯೊಬ್ಬಳು ತನಗೆ ತಿರುಗಿ ಇನ್ನೂ ಕೆಳಗೆ ಬಗ್ಗಿದ್ದನ್ನು ಕಂಡು ಬಾಬಾ ಗಾಬರಿಯಾಗಿ ಮಂಡಿಯೂರಿದರು. ಅದನ್ನು ಕಂಡು ಅತ್ತೆ ಚರಂಡಿಯ ಜಾಲರಿಯ ಹತ್ತಿರಕ್ಕೆ ಸರಿದರು. ಇಬ್ಬರನ್ನೂ ಎಬ್ಬಿಸುವಾಗ ನನ್ನ ಬಸ್ ತಪ್ಪಿತು. ವಿಷಯ ತಿಳಿದ ಮೇಲೂ ಅತ್ತೆ ಪೂರ್ತಿ ಒಪ್ಪಲಿಲ್ಲ. "ನಮಸ್ಕಾರ ಮಾಡೋನು ಬಾಯ್ಬುಟ್ಟು ಹೇಳ್ಬೇಕಪ್ಪ."

ಮುಂದಿನದು ಡೋಲು. ಮಾರ್ಚ್ ಬಂತೆಂದರೆ ಬಾಬಾ ವರ್ಷದ ಕುಣಿತಕ್ಕೆ ತಯಾರಿ ಶುರು ಮಾಡುತ್ತಿದ್ದರು. ಶಿಷ್ಯರು ವಾರದ ದಿನಗಳಲ್ಲೂ ಮಧ್ಯಾಹ್ನ ಬಂದು ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಅವರಲ್ಲಿ ಮುಖ್ಯರಾದವರು ಕ್ಯಾಂಪ್‌ಬೆಲ್‌ನ ಒಬ್ಬ ಹಲ್ಲಿನ ಡಾಕ್ಟರು. ಗೋಡೆಯ ಈಚೆ ಅತ್ತೆ ಮಲಗುವ ಹೊತ್ತು. ನಾಲ್ಕನೆಯ ದಿನ ಅತ್ತೆ ನನ್ನನ್ನು ಕೂರಿಸಿಕೊಂಡರು.

"ಬರಿ. ಆಪೀಸ್ನೋರ್ಗೆ ಬರಿ. ಹೇಳ್ದೆ ಕೇಳ್ದೆ ಬಡೀತವ್ನೆ ಅಂತ ಬರಿ. ನಾನೇನ್ ಮನುಸ್ಳಲ್ವಾ ಅಂತ ಬರಿ."

ನಾನು ಬರೆದೆ. ಡೆಸ್ಕಿನ ಅಭ್ಯಾಸ ಎಂಬುದು ಹೋಗುವಂಥದ್ದಲ್ಲ. ಆವೇಶದ ಮಾತುಗಳನ್ನು ತೆಗೆದೆ. ದಿನ, ಆರಂಭದ ಸಮಯ, ಮುಗಿದ ಸಮಯ, ಗೋಡೆಯಿಂದ ಹಾಸಿಗೆಗೆ ಇರುವ ದೂರ ಎಲ್ಲವನ್ನೂ ಸೇರಿಸಿದೆ. ಒಳ್ಳೆಯ ದೂರು. ಟೌನ್‌ಹೌಸುಗಳ ಸಂಘದವರು ಎರಡೇ ದಿನದಲ್ಲಿ ಬಾಬಾಗೆ ಕಾಗದ ಕೊಟ್ಟರು: ಇನ್ನು ಗ್ಯಾರೇಜಿನಲ್ಲಿ ಡೋಲು ಶನಿವಾರ ಮಧ್ಯಾಹ್ನ ಮಾತ್ರ. ವರ್ಷದ ಕುಣಿತಕ್ಕೆ ಅಡ್ಡಿಯಿಲ್ಲ, ಕೇಳಿದ ಶನಿವಾರ ಅಂಗಳ ಬಳಸಬಹುದು.

ಬಾಬಾ ನಮ್ಮ ದೂರಿನ ಪ್ರತಿಯನ್ನು ಹಿಡಿದು ಬೇಲಿಯ ಹತ್ತಿರ ನಿಂತಿದ್ದರು. "ಯಾರೋ ಚೆನ್ನಾಗಿ ಬರೆಯಬಲ್ಲವರು ಬರೆದಿದ್ದಾರೆ," ಎಂದರು, ನನ್ನ ಮುಖ ನೋಡದೆ. "ಒಂದು ಅಲ್ಪವಿರಾಮವೂ ತಪ್ಪಿಲ್ಲ."

ನಾನು ಕ್ಷಮೆ ಕೇಳಿದೆ. ಅವರಿಗೆ ನನ್ನ ಕ್ಷಮೆ ಬೇಕಾಗಿರಲಿಲ್ಲ. "ನಿಮ್ಮ ಅತ್ತೆಗೆ ಬೇಜಾರಾಗಿದೆಯೇ?" ಎಂದು ಕೇಳಿದರು. ಹೌದೆಂದೆ. ಅವರು ಕಾಗದ ಮಡಿಸಿ ಜೇಬಿಗಿಟ್ಟರು. ಅಷ್ಟು ಹೊತ್ತು ಅವರು ನಗದೆ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆ ವರ್ಷದ ಕುಣಿತ ಅವರಿಗೆ ಬರೀ ವರ್ಷದ ಕುಣಿತವಾಗಿರಲಿಲ್ಲ. ಅವರ ಹೆಂಡತಿ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ನನಗೆ ಮುಖಪರಿಚಯವಷ್ಟೇ. ಬಾಬಾ ಆರು ತಿಂಗಳು ಕೂತು ಕೆತ್ತಿದ ಹೊಸ ಮುಖವಾಡ ಅವರದು. ಅದನ್ನು ಹೊತ್ತು ಒಮ್ಮೆ ಕುಣಿಯಬೇಕು, ಆಗ ಆಕೆ ತಾಯಂದಿರ ಸಾಲಿಗೆ ಸೇರಿದ ಹಾಗೆ. ಕುಣಿಯದ ಮುಖವಾಡ ಅವರ ಲೆಕ್ಕದಲ್ಲಿ ಒಲೆಗೆ ಹಾಕುವ ಸೌದೆ. ಬೇರೆಯವರು ಕುಣಿದರೆ ಆಗುವುದಿಲ್ಲವೇ ಎಂದು ಕೇಳಿದ್ದೆ. "ಅವಳ ಜೊತೆ ಮೂವತ್ತೊಂಬತ್ತು ವರ್ಷ ಇದ್ದವನು ಹಲ್ಲಿನ ಡಾಕ್ಟರಲ್ಲ, ನಾನು," ಎಂದರು. ಕುಣಿತ ನಿಗದಿಯಾಗಿದ್ದು ಏಪ್ರಿಲ್‌ನ ಒಂದು ಶನಿವಾರಕ್ಕೆ. ಅದರ ಮುಂದಿನ ಬುಧವಾರ ಅವರ ಮಂಡಿಯ ಆಪರೇಷನ್. ಇನ್ನೂ ಮುಂದೂಡಿದರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ ಆದ ಮೇಲೆ ನಡೆಯಬಹುದು, ಕುಪ್ಪಳಿಸುವಂತಿಲ್ಲ ಎಂದೂ ಹೇಳಿದ್ದರು. ಅಂದರೆ ಇದ್ದದ್ದು ಅದೊಂದೇ ಶನಿವಾರ.

ಆ ವಾರದ ಸೋಮವಾರ ಸಂಜೆ ಬಾಬಾ ಇಸ್ತ್ರಿ ಮಾಡಿದ ನೀಲಿ ನಿಲುವಂಗಿ ತೊಟ್ಟು ನಮ್ಮ ಮನೆಗೆ ಬಂದರು. ಕೈಯಲ್ಲಿ ಬುಟ್ಟಿ. ಅದರಲ್ಲಿ ಎದುರು ಮನೆಯ ಪಂಜಾಬಿ ಅಜ್ಜಿಯ ದುಪಟ್ಟಾ, ಮೂಲೆ ಮನೆಯ ಮೆಕ್ಸಿಕನ್ ಅಜ್ಜಿಯ ಶಾಲು, ಇನ್ನೂ ಹತ್ತಾರು ಬಣ್ಣದ ಬಟ್ಟೆ. ಅತ್ತೆ ಸೋಫಾದಲ್ಲಿದ್ದರು. ಬಾಬಾ ನೆಲ ಮುಟ್ಟಿದರು, ಈ ಸಲ ಬಾಯಿ ಬಿಟ್ಟು "ನಮಸ್ಕಾರ" ಎಂದೂ ಹೇಳಿದರು. ಅದನ್ನು ನಾನೇ ಕಲಿಸಿದ್ದೆ. ಅತ್ತೆಯ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಬಾಬಾ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರು. ನಾನು ಅದನ್ನು ಒಂದು ಪದ ಕೂಡಿಸದೆ, ಒಂದು ಪದ ಬಿಡದೆ ಕನ್ನಡಕ್ಕೆ ತಂದೆ:

"ನೀವು ಉಟ್ಟ ಒಂದು ಸೀರೆ ಕೊಡಬೇಕಂತೆ. ಶನಿವಾರ ಅವರು ಉಟ್ಟುಕೊಳ್ಳುತ್ತಾರಂತೆ."

ಅತ್ತೆ ಸೆರಗನ್ನು ಎರಡೂ ಭುಜಕ್ಕೆ ಎಳೆದುಕೊಂಡು ಎದ್ದು ನಿಂತರು.

"ಏನಂದೆ?"

"ಉಟ್ಟ ಸೀರೆ..."

"ಥೂ ಇವ್ನ ಮನೆ ಹಾಳಾಗ! ಹೆಂಡ್ತಿ ಸತ್ತು ವರ್ಸ ತುಂಬಿಲ್ಲ, ಮುದುಕಿ ಉಟ್ಟಿರೋ ಸೀರೆ ಬೇಕಂತಾ ಇವ್ನಿಗೆ? ಬಾಗ್ಲಾಕಮ್ಮಿ!"

ಬಾಬಾ ನನ್ನನ್ನು ಕೇಳಿದರು, "ಏನಂದರು?"

"ಯೋಚನೆ ಮಾಡುತ್ತಾರಂತೆ."

"ನನಗೆ ನಾಲ್ವರು ಅಕ್ಕಂದಿರು," ಎಂದರು ಬಾಬಾ ಬುಟ್ಟಿ ಎತ್ತಿಕೊಂಡು. "ಯೋಚನೆ ಮಾಡುವ ಹೆಂಗಸರ ಧ್ವನಿ ಹಾಗಿರುವುದಿಲ್ಲ."

ಕುಣಿಯುವವನು ತನ್ನ ವೇಷದ ಬಟ್ಟೆಯನ್ನು ಕೊಳ್ಳುವಂತಿಲ್ಲ, ಊರಿನ ತಾಯಂದಿರು ಉಟ್ಟದ್ದನ್ನೇ ಎರವಲು ತರಬೇಕು ಎಂಬುದು ಪದ್ಧತಿ. ಬಟ್ಟೆ ಕೊಟ್ಟವಳು ಕುಣಿತಕ್ಕೆ ಒಪ್ಪಿದವಳು. ಇದನ್ನು ಮೊದಲೇ ವಿವರಿಸಿ ಆಮೇಲೆ ಸೀರೆಯ ಮಾತು ತೆಗೆಯಬೇಕಿತ್ತು. ನಾನು ತಲೆಬರಹ ಓದಿ ಸುದ್ದಿಯನ್ನು ಕೈಬಿಟ್ಟಿದ್ದೆ. ಆ ರಾತ್ರಿ ಊಟಕ್ಕೆ ಕೂತಾಗ ವಿವರಿಸಿದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. "ಅದ್ಯಾವ ಪದ್ಧತಿ? ಕುಣ್ಕಳ್ಲಿ ಬುಡು, ನಂಗೇನು," ಎಂದು ಎದ್ದು ಹೋದರು.

ಆ ಮಾತನ್ನು ಬಾಬಾಗೆ ತಲುಪಿಸಿದೆ. ಕುಣಿದುಕೊಳ್ಳಿ ಎಂದಿದ್ದಾರೆ, ಸಾಕಲ್ಲವೇ? ಅವರು ತಲೆಯಾಡಿಸಿದರು. "ಅದು ಒಪ್ಪಿಗೆಯಲ್ಲ, ಬೇಸರ."

ಬುಧವಾರ ಶಿಷ್ಯರೆಲ್ಲ ಗ್ಯಾರೇಜಿನಲ್ಲಿ ಸೇರಿದರು. ನನ್ನನ್ನೂ ಕರೆದಿದ್ದರು, ಬಹುಶಃ ಎದುರು ಪಕ್ಷದವಳೆಂದು. ಹಲ್ಲಿನ ಡಾಕ್ಟರು ತಾಳ್ಮೆ ಕಳೆದುಕೊಂಡಿದ್ದರು.

"ಸಂಘ ಅನುಮತಿ ಕೊಟ್ಟಿದೆ. ಇಷ್ಟು ಮನೆಯವರು ಬಟ್ಟೆ ಕೊಟ್ಟಿದ್ದಾರೆ. ಒಬ್ಬ ಅಜ್ಜಿಗೋಸ್ಕರ ನಿಲ್ಲಿಸುತ್ತೀರಾ? ಇನ್ನು ಮೂರು ತಿಂಗಳಿಗೆ ಅವರು ಊರಿಗೆ ಹೋಗುತ್ತಾರೆ."

ಬಾಬಾ ಉತ್ತರವಾಗಿ ಕತೆ ಹೇಳಿದರು. ಲೋಕ ಹುಟ್ಟಿದ ಮೇಲಿನ ಕತೆ, ನಾನು ಅದುವರೆಗೆ ಕೇಳಿರದದ್ದು. ನೆಲವೇನೋ ಆಯಿತು, ಅದನ್ನು ನಡೆಸಿಕೊಂಡು ಹೋಗಲು ಮೇಲಿನವನು ಹದಿನೇಳು ದೇವರುಗಳನ್ನು ಕಳಿಸಿದ. ಹದಿನಾರು ಗಂಡು, ಒಬ್ಬಳು ಹೆಣ್ಣು, ಅವಳ ಹೆಸರು ಓಶುನ್. ಗಂಡಸರು ಸಭೆ ಸೇರಿದರು, ಕೆಲಸ ಹಂಚಿಕೊಂಡರು, ಅವಳಿಗೆ ಹೇಳಲೂ ಇಲ್ಲ. ಅವಳು ಏನೂ ಜಗಳ ಮಾಡಲಿಲ್ಲ, ಕನ್ನಡಿ ಹಿಡಿದು ತಲೆ ಬಾಚಿಕೊಳ್ಳುತ್ತ ಕೂತಳು. ಮಳೆ ಬರಲಿಲ್ಲ. ಬಿತ್ತಿದ್ದು ಮೊಳೆಯಲಿಲ್ಲ. ಹದಿನಾರು ಮಂದಿಯೂ ಮೇಲೆ ಹೋಗಿ ದೂರು ಕೊಟ್ಟರು. ಮೇಲಿನವನು, "ನೀವು ಎಷ್ಟು ಜನ ಹೋದದ್ದು?" ಎಂದು ಕೇಳಿದ. ಹದಿನೇಳು. "ಬಂದಿರುವುದು?" ಹದಿನಾರು. "ಹೋಗಿ ಅವಳನ್ನು ಕೇಳಿ."

"ಅದು ದೇವತೆ. ಇವರು ಮಂಡ್ಯದ ಅಜ್ಜಿ," ಎಂದರು ಹಲ್ಲಿನ ಡಾಕ್ಟರು.

"ಹದಿನಾರು ಜನವೂ ಹಾಗೇ ಅಂದುಕೊಂಡದ್ದು," ಎಂದರು ಬಾಬಾ. ಕೈ ಗಾಳಿಯಲ್ಲಿ ಎರಡು ಸಲ ಬಡಿಯಿತು. ಆಮೇಲೆ ಅವರು ಮುಖವಾಡಕ್ಕೆ ಹಾಸಿಗೆ ಬಟ್ಟೆ ಹೊದಿಸಿ ಶೆಲ್ಫಿನ ಮೇಲೆ ಇಟ್ಟರು. ಶನಿವಾರದ ಅಂಗಳ ಬೇಡವೆಂದು ಶುಕ್ರವಾರ ಸಂಜೆಯೊಳಗೆ ಸಂಘಕ್ಕೆ ತಿಳಿಸುವುದಾಗಿ ಹೇಳಿದರು.

ಶುಕ್ರವಾರ ನಾನು ಕೆಲಸದಿಂದ ಬೇಗ ಬಂದೆ. ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

"ನಾಳೆ ಕುಣಿತ ಇಲ್ಲವಂತೆ," ಎಂದೆ.

"ಯಾಕೆ? ಆಪೀಸ್ನೋರು ಬ್ಯಾಡ ಅಂದ್ರಾ?"

"ಅವರು ಸರಿ ಅಂದಿದ್ದಾರೆ. ನೀವು ಒಪ್ಪಿಲ್ಲ ಅಂತ."

"ನಾನ್ಯಾರಮ್ಮಿ ಒಪ್ಪಕ್ಕೆ? ಆಪೀಸ್ಗಿಂತ ದೊಡ್ಡೋಳಾ ನಾನು?"

"ಅವರ ಪ್ರಕಾರ ದೊಡ್ಡವರೇ."

ಅತ್ತೆ ಸೊಪ್ಪಿನ ಕಟ್ಟನ್ನು ಕೆಳಗಿಟ್ಟರು. ಮಂಡಿ ಆಪರೇಷನ್ನಿನ ವಿಷಯ, ಹೆಂಡತಿಯ ಮುಖವಾಡದ ವಿಷಯ ಹೇಳಿದೆ. ಯಾವುದನ್ನೂ ಬಣ್ಣ ಕಟ್ಟಿ ಹೇಳಲಿಲ್ಲ. ಅವರು ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ, "ನಡಿ," ಎಂದರು.

ಬಾಬಾ ಗ್ಯಾರೇಜಿನಲ್ಲಿ ಉಳಿ ಮಸೆಯುತ್ತಿದ್ದರು. ಅತ್ತೆಯನ್ನು ಕಂಡು ಏಳಲು ಹೊರಟವರನ್ನು ಅತ್ತೆ ಕೈಸನ್ನೆಯಲ್ಲೇ ಕೂರಿಸಿದರು. "ತೋರ್ಸು," ಎಂದರು. ನಾನು ಭಾಷಾಂತರಿಸುವ ಮೊದಲೇ ಬಾಬಾ ಹೊದಿಕೆ ತೆಗೆದರು.

ಅಗಲ ಹಣೆ, ಕೆಳಗೆ ನೋಡುವ ಕಣ್ಣು, ತುಟಿಯ ಒಂದು ಕಡೆ ಮಾತ್ರ ನಗು. ತಲೆಯ ಮೇಲೆ ಒಂದು ಬಿಳಿ ಕಾರು, ಸ್ಟಿಯರಿಂಗ್ ಹಿಡಿದು ನೆಟ್ಟಗೆ ಕೂತ ಹೆಂಗಸು. ಕಾರಿನ ಬಾಗಿಲಿನ ಕೆಳಗಿನಿಂದ ಉಟ್ಟ ಬಟ್ಟೆಯ ಒಂದು ಅಂಚು ಹೊರಗೆ ಬಂದು ಗಾಳಿಗೆ ಹಾರುತ್ತಿತ್ತು. ಮರದ ಬಟ್ಟೆ, ಮರದ ಗಾಳಿ.

"ಇದೇನು?" ಎಂದು ಅತ್ತೆ ಆ ಅಂಚಿಗೆ ಬೆರಳಿಟ್ಟರು.

"ಎಷ್ಟು ಸಲ ಹೇಳಿದರೂ ಅಷ್ಟೇ," ಎಂದರು ಬಾಬಾ. "ಆಸ್ಪತ್ರೆಗೆ ಹೊರಡುವ ಅವಸರ. ಬಟ್ಟೆಯನ್ನು ಬಾಗಿಲಿಗೆ ಸಿಕ್ಕಿಸಿಕೊಂಡೇ ಫ್ರೀವೇಗೆ ಹೋಗುತ್ತಿದ್ದಳು. ನಾನು ಬಾವುಟದ ಹಿಂದೆ ಓಡುವವನ ಹಾಗೆ ಪಾರ್ಕಿಂಗ್ ತನಕ ಓಡುತ್ತಿದ್ದೆ."

ಇದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆಗೆ ನಗು ತಡೆಯಲಾಗಲಿಲ್ಲ. ಕಾರಣ ನನಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಅವರ ಸೆರಗು ನಮ್ಮ ಕಾರಿನ ಬಾಗಿಲಿಗೆ ಸಿಕ್ಕಿ, ಗ್ರೋಸರಿ ಅಂಗಡಿಯಿಂದ ಮನೆತನಕ ರಸ್ತೆ ಗುಡಿಸಿಕೊಂಡು ಬಂದಿತ್ತು.

ನಗು ನಿಂತ ಮೇಲೆ ಅತ್ತೆ ಮುಖವಾಡವನ್ನು ಸುತ್ತ ಬಂದು ನೋಡಿದರು. ಆಮೇಲೆ ಶುರುವಾದದ್ದು ಬೈಗುಳ.

"ಅಲ್ಲ ಕಣಪ್ಪ, ದೇವ್ರ ಕುಣಿತ ಅಂತ ಮೊದ್ಲೇ ಹೇಳಬಾರ್ದಾ? ನಮ್ಮ ಕಡೆ ಸೋಮನ್ನ ಹೊರ್ತಾರೆ, ಇಂಗೇ ಮರದ ಮುಖ, ಇದಕ್ಕಿಂತ ದೊಡ್ಡದು. ಹೊರಕ್ಕೆ ಮುಂಚೆ ಮನೆಮನೆಗೂ ಬಂದು ಹೇಳ್ತಾರೆ. ಸೋಮನ ಬೆನ್ನಿಗೆ ಇಳಿಬುಡಕ್ಕೆ ಅಂತ ನಮ್ಮವ್ವ ಸೀರೆ ಕೊಡೋಳು. ನೀನು ಹೇಳ್ದೆ ಕೇಳ್ದೆ ದಬದಬ ಬಡುದ್ರೆ ನಾನು ಏನಂತ ತಿಳ್ಕಳ್ಲಿ? ಬಂದು ಒಂದ್ ಮಾತು ಹೇಳಿದ್ರೆ ಮಲಗ್ತಿದ್ನಾ ನಾನು? ಕೂತ್ಕಂಡು ಕೇಳ್ತಿದ್ದೆ!"

ಹೇಳ್ದೆ ಕೇಳ್ದೆ. ದೂರು ಬರೆಸುವಾಗಲೂ ಅವರು ಮೊದಲು ಹೇಳಿದ್ದು ಅದನ್ನೇ. ಆವೇಶದ ಮಾತು ಎಂದು ನಾನು ಹೊಡೆದುಹಾಕಿದ್ದೆ. ಸಮಯ, ದೂರ, ದಿನಾಂಕ ಎಲ್ಲ ಇದ್ದ ನನ್ನ ದೂರಿನಲ್ಲಿ ದೂರೇ ಇರಲಿಲ್ಲ.

ಭಾಷಾಂತರ ಮುಗಿಸುವಷ್ಟರಲ್ಲಿ ಬಾಬಾ ಸ್ಟೂಲಿನಿಂದ ಇಳಿದು ಎರಡೂ ಅಂಗೈಯನ್ನು ನೆಲಕ್ಕೆ ಊರಿದ್ದರು. "ನಾನು ಎಲ್ಲರ ಮನೆಗೂ ಬಟ್ಟೆ ಕೇಳಲು ಹೋದೆ. ಡೋಲು ಬಡಿಯುತ್ತೇನೆ ಎಂದು ಹೇಳಲು ಒಂದು ಮನೆಗೂ ಹೋಗಲಿಲ್ಲ. ಅಜ್ಜ ಇದ್ದಿದ್ದರೆ ಹೊಡೆಯುತ್ತಿದ್ದ," ಎಂದರು.

"ಏಳು, ಏಳು. ಮಂಡಿ ನೋವು ಅಂತೀಯ," ಎಂದರು ಅತ್ತೆ.

ಮನೆಗೆ ಬಂದವರೇ ಸೂಟ್‌ಕೇಸ್ ತೆರೆದು ಕಡು ಹಸಿರು ರೇಷ್ಮೆ ಸೀರೆ ತೆಗೆದರು. ಮಡಿಕೆ ಬಿಚ್ಚಿರದ ಸೀರೆ. ಹಳೆಯದು ಸಾಕು ಎಂದೆ. "ದೇವ್ರ ಕೆಲ್ಸಕ್ಕೆ ಹಳೇದಾ?" ಉಟ್ಟದ್ದೇ ಆಗಬೇಕು, ಅದು ಪದ್ಧತಿ ಎಂದೆ. ಅತ್ತೆ ಸ್ವಲ್ಪ ಯೋಚಿಸಿದರು. ಶನಿವಾರ ಬೆಳಿಗ್ಗೆ ಏಳಕ್ಕೆ ಅದನ್ನು ಉಟ್ಟುಕೊಂಡು, ಟೌನ್‌ಹೌಸುಗಳ ಸುತ್ತ ಎರಡು ಸುತ್ತು ಹಾಕಿ, ಅಂಚೆ ಡಬ್ಬಿಯ ತನಕ ಹೋಗಿ ಬಂದು, ಒಳಗೆ ಹೋಗಿ ಬಿಚ್ಚಿ ಮಡಿಸಿದರು. "ಈಗ ಉಟ್ಟಂಗಾಯ್ತಲ್ಲ? ಕೊಟ್ಬಾ."

ಮಧ್ಯಾಹ್ನ ಅಂಗಳದಲ್ಲಿ ಎಂಬತ್ತು ಜನರಾದರೂ ಇದ್ದರು. ಅಜ್ಜಿಯರಿಗೆ ಮುಂದಿನ ಸಾಲು. ಡೋಲು ಶುರುವಾಯಿತು, ಹಲ್ಲಿನ ಡಾಕ್ಟರು ಕಣ್ಣು ಮುಚ್ಚಿ ಬಡಿಯುತ್ತಿದ್ದರು. ಗ್ಯಾರೇಜಿನ ಬಾಗಿಲು ಮೇಲೆ ಹೋದಾಗ ಒಳಗಿನಿಂದ ಬಂದದ್ದು ಬಾಬಾ ಅಲ್ಲ, ದಪ್ಪ ಸೊಂಟದ, ಮರದ ಎದೆಯ ಒಬ್ಬ ಭಾರಿ ಹೆಂಗಸು. ಸೊಂಟದ ಸುತ್ತ ಪದರ ಪದರವಾಗಿ ದುಪಟ್ಟಾ, ಶಾಲು, ಸ್ಕಾರ್ಫ್. ಎಲ್ಲಕ್ಕಿಂತ ಮೇಲೆ ಹಸಿರು ರೇಷ್ಮೆ. ನೆತ್ತಿಯ ಮೇಲೆ ಹೆಂಡತಿ ಕಾರು ಓಡಿಸುತ್ತಿದ್ದಳು. ಕಾಲಿನ ಕಬ್ಬಿಣದ ಗೆಜ್ಜೆ ಡೋಲಿನ ಒಂದೊಂದು ಪೆಟ್ಟಿಗೂ ಸರಿಯಾಗಿ ಒಂದೊಂದು ಸಲ ನುಡಿಯಿತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಸೊಂಟ ಕುಲುಕಿಸಿ, ಕೈಬೀಸಿ, ಅವಸರದಲ್ಲಿ ಬಾಗಿಲು ಹಾಕಿ ಹೊರಡುವವಳ ನಡಿಗೆ ನಡೆದು ತೋರಿಸಿದಾಗ ಅವರ ಮಗಳು ಕುರ್ಚಿಯಿಂದ ಎದ್ದು, "ಅಮ್ಮ! ಅದು ಅಮ್ಮ!" ಎಂದು ಕೂಗಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಖಚಿತವಾಗಿ ಹೇಳಲಾರೆ.

ಕೊನೆಯಲ್ಲಿ ಮೂರು ಸಲ ಎತ್ತರಕ್ಕೆ ಕುಪ್ಪಳಿಸಿದರು, ಮೂರನೆಯದಕ್ಕೆ ಡೋಲೂ ಗೆಜ್ಜೆಯೂ ಒಟ್ಟಿಗೆ ನಿಂತವು. ಬಾಬಾ ಏದುಸಿರು ಬಿಡುತ್ತ ಅತ್ತೆಯ ಎದುರು ಬಂದು ನಿಂತರು. ಹಿರಿಯ ತಾಯಿ ಒಂದು ಮಾತು ಹೇಳಿದರೆ ಕುಣಿತ ಮುಗಿದ ಹಾಗೆ. ಎಲ್ಲರೂ ಅತ್ತೆಯ ಕಡೆ ನೋಡಿದರು.

"ಅವ್ಳಿಗೆ ಕುಣ್ದಿದ್ದಾಯ್ತು ಕಣಪ್ಪ," ಎಂದರು ಅತ್ತೆ. "ಇನ್ನೊಂದು ನಂಗೆ ಕುಣಿ."

"ಏನಂದರು?" ತೆಳು ಬಟ್ಟೆಯ ಹಿಂದಿನಿಂದ ಧ್ವನಿ ಬಂತು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಳಗೆ ನಗು ಕೇಳಿಸಿತು. ಬಾಬಾ ಮುಖವಾಡವನ್ನು ತೆಗೆದು ಅತ್ತೆಯ ಮಡಿಲಿಗಿಟ್ಟು, "ಸ್ವಲ್ಪ ಹಿಡಿದುಕೊಂಡಿರಲು ಹೇಳಿ. ಅವಳು ಭಾರ," ಎಂದರು. ಬೆವರಿನ ಬರಿ ತಲೆಯಲ್ಲೇ ಅಂಗಳದ ನಡುವಿಗೆ ತಿರುಗಿ ಹೋಗಿ ಹಲ್ಲಿನ ಡಾಕ್ಟರಿಗೆ ಕೈ ಎತ್ತಿದರು. ಡೋಲು ಮೊದಲಿಗಿಂತ ಜೋರಾಗಿ ಎದ್ದಿತು. ಅತ್ತೆ ಮುಖವಾಡದ ಎರಡೂ ಕಿವಿಗಳನ್ನು ಭದ್ರವಾಗಿ ಹಿಡಿದುಕೊಂಡು, ಕುತ್ತಿಗೆ ಚಾಚಿ, ಆ ಗದ್ದಲದಲ್ಲಿ ಯಾರಿಗೂ ಕೇಳಿಸದಿದ್ದರೂ ಕೂಗುತ್ತಲೇ ಇದ್ದರು:

"ನೋಡ್ಕಂಡಪ್ಪಾ! ನೆರಿಗೆ ಎತ್ತಿ ಹಿಡ್ಕಂಡು ಕುಣಿ!"